ಸಂಸ್ಕರಿತ ಚೀಸಿನಲ್ಲಿ ಬೆರೆಸಿದ ಹಾಲಿನ ಪ್ರೋಟೀನುಗಳ ಪತ್ತೆ

ಸಂಸ್ಕರಿತ ಚೀಸ್ ಎಂಬುದು ಒಂದು ಅಥವಾ ಹಲವು ಬಗೆಯ ಸಹಜ ಚೀಸುಗಳನ್ನು ತುರಿದು, ಸಿಟ್ರೇಟ್ ಅಥವಾ ಫಾಸ್ಫೇಟ್ ಲವಣಗಳೊಡನೆ ಬೆರೆಸಿ, ಬಿಸಿಮಾಡುತ್ತ ಕಲಕಿ, ನುಣುಪಾದ ಮುದ್ದೆಯಾಗಿಸಿ ಅಚ್ಚು ಹೊಯ್ದ ಹೈನು ಉತ್ಪನ್ನ. ಇದರ ತಯಾರಿಕೆಯಲ್ಲಿ ಚೀಸಿನ ಒಂದು ಪಾಲನ್ನು ಕಡಿಮೆ ಮಾಡಿ ಅದರ ಜಾಗದಲ್ಲಿ ಕೆನೆರಹಿತ ಹಾಲಿನ ಪುಡಿ, ವ್ಹೇ ಪುಡಿ, ಸೋಡಿಯಂ ಕೇಸಿನೇಟ್ ಅಥವಾ ಹಾಲಿನ ಪ್ರೋಟೀನ್ ಸಾರವನ್ನು ಸೇರಿಸುವ ರೂಢಿ ಇದೆ. ಹೀಗೆ ಸೇರಿಸಿದ್ದನ್ನು ಪ್ರಯೋಗಾಲಯದಲ್ಲಿ ಗುರುತಿಸುವುದು, ಸಾಧ್ಯವಾದರೆ ಅದರ ಪ್ರಮಾಣವನ್ನೂ ಅಳೆಯುವುದು ಹೈನು ರಸಾಯನಶಾಸ್ತ್ರದ ಒಂದು ಪ್ರತ್ಯೇಕ ಅಧ್ಯಯನವಾಗಿ ಬೆಳೆದಿದೆ. ಹಾಲಿಗೆ ಪಿಷ್ಟವನ್ನೋ ಯೂರಿಯಾವನ್ನೋ ಬೆರೆಸಿದರೆ ಹಾಲಿನದಲ್ಲದ ವಸ್ತುವೊಂದನ್ನು ಹುಡುಕಿದರೆ ಸಾಕು. ಇಲ್ಲಿ ಸೇರಿಸಿದ್ದೂ ಹಾಲಿನದೇ, ಮೂಲದಲ್ಲಿದ್ದುದೂ ಹಾಲಿನದೇ. ಆದ್ದರಿಂದ ವಿಶ್ಲೇಷಕರು ಉತ್ತರಿಸಬೇಕಾದ ಪ್ರಶ್ನೆ ಪ್ರೋಟೀನು ಯಾವುದು ಎಂಬುದಲ್ಲ, ಆ ಪ್ರೋಟೀನು ಚೀಸಾಗುವ ದಾರಿಯಲ್ಲಿ ಬಂದದ್ದೋ ಬೇರೆ ದಾರಿಯಲ್ಲಿ ಬಂದದ್ದೋ ಎಂಬುದು.

ಸಂಸ್ಕರಿತ ಚೀಸಿನ ಇತಿಹಾಸ ಶತಮಾನಕ್ಕಿಂತ ಸ್ವಲ್ಪ ಹೆಚ್ಚಿನದು. 1911ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಪಟ್ಟಣದಲ್ಲಿ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಅವರು ಎಮೆಂಟಾಲ್ ಚೀಸನ್ನು ಸೋಡಿಯಂ ಸಿಟ್ರೇಟಿನೊಡನೆ ಕರಗಿಸಿ, ಬಿಸಿ ಸೀಮೆಗಳಿಗೆ ಸಾಗಿಸಿದರೂ ಕೆಡದ ಚೀಸನ್ನು ತಯಾರಿಸಿದರು. ಅಮೆರಿಕದಲ್ಲಿ ಜೇಮ್ಸ್ ಎಲ್. ಕ್ರಾಫ್ಟ್ 1916ರಲ್ಲಿ ಇಂಥದೇ ವಿಧಾನಕ್ಕೆ ಪೇಟೆಂಟ್ ಪಡೆದರು. ಸಹಜ ಚೀಸಿನಲ್ಲಿ ಪ್ರೋಟೀನಿನ ಎಳೆಗಳನ್ನು ಕ್ಯಾಲ್ಸಿಯಂ ಹಿಡಿದಿಟ್ಟಿರುತ್ತದೆ. ಅದನ್ನು ಹಾಗೆಯೇ ಕಾಯಿಸಿದರೆ ಕೊಬ್ಬು ಬೇರ್ಪಟ್ಟು ಎಣ್ಣೆಯಾಗಿ ಹರಿಯುತ್ತದೆ. ಸಿಟ್ರೇಟ್ ಅಥವಾ ಫಾಸ್ಫೇಟ್ ಆ ಕ್ಯಾಲ್ಸಿಯಮನ್ನು ಸೆಳೆದುಕೊಂಡಾಗ ಪ್ರೋಟೀನು ನೀರಿನಲ್ಲಿ ಹರಡಿಕೊಂಡು ಕೊಬ್ಬಿನ ಹನಿಗಳ ಸುತ್ತ ಪೊರೆಯಾಗುತ್ತದೆ. ಈ ಕೆಲಸವನ್ನು ಚೀಸಿನ ಪ್ರೋಟೀನಿಗಿಂತಲೂ ಚೆನ್ನಾಗಿ ಮಾಡಬಲ್ಲದ್ದು ಕೇಸಿನೇಟ್, ಮತ್ತು ತಿಂಗಳುಗಟ್ಟಲೆ ಹಣ್ಣಾಗಿಸಿದ ಚೀಸಿಗೆ ಹೋಲಿಸಿದರೆ ಪುಡಿಯ ರೂಪದ ಪ್ರೋಟೀನು ಅಗ್ಗ, ದಾಸ್ತಾನಿಗೂ ಸುಲಭ. ಸೇರಿಸುವ ಆಸೆಗೆ ಹೀಗೆ ತಾಂತ್ರಿಕ ಕಾರಣವೂ ಇದೆ, ಹಣದ ಕಾರಣವೂ ಇದೆ.

ಸೇರಿಸುವುದೆಲ್ಲವೂ ಅಪರಾಧವಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಅಮೆರಿಕದ ಆಹಾರ ನಿಯಮಗಳಲ್ಲಿ ಪಾಶ್ಚರೀಕೃತ ಸಂಸ್ಕರಿತ ಚೀಸಿಗೆ ಹಾಲಿನ ಪುಡಿಯನ್ನಾಗಲಿ ವ್ಹೇಯನ್ನಾಗಲಿ ಸೇರಿಸುವಂತಿಲ್ಲ. ಸಂಸ್ಕರಿತ ಚೀಸ್ ಆಹಾರ ಎಂಬ ಮುಂದಿನ ವರ್ಗದಲ್ಲಿ ತೂಕದ ಶೇ. 51ರಷ್ಟಾದರೂ ಚೀಸ್ ಇದ್ದರೆ ಅವುಗಳಿಗೆ ಅವಕಾಶವಿದೆ. ಹಾಲಿನ ಪ್ರೋಟೀನ್ ಸಾರ ಆ ಎರಡನೆಯ ವರ್ಗದ ಪಟ್ಟಿಯಲ್ಲೂ ಇರಲಿಲ್ಲ. ಈ ಕಾರಣಕ್ಕೆ 2002ರ ಡಿಸೆಂಬರಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಕ್ರಾಫ್ಟ್ ಕಂಪನಿಗೆ ಎಚ್ಚರಿಕೆಯ ಪತ್ರ ಕಳುಹಿಸಿತು, ಕಂಪನಿಯು ತನ್ನ ಚೀಸ್ ಹಾಳೆಗಳ ಹೆಸರುಪಟ್ಟಿಯನ್ನು ಬದಲಿಸಿತು. ಭಾರತದ 2011ರ ಆಹಾರ ಸುರಕ್ಷತಾ ನಿಯಮಾವಳಿಯು ಸಂಸ್ಕರಿತ ಚೀಸಿನಲ್ಲಿ ತೇವಾಂಶ ಶೇ. 47ನ್ನು ಮೀರಬಾರದು, ಒಣ ತೂಕದ ಲೆಕ್ಕದಲ್ಲಿ ಹಾಲಿನ ಕೊಬ್ಬು ಶೇ. 40ಕ್ಕಿಂತ ಕಡಿಮೆ ಇರಬಾರದು ಎಂದು ವಿಧಿಸಿ, ಇತರ ಹಾಲಿನ ಉತ್ಪನ್ನಗಳ ಸೇರ್ಪಡೆಗೆ ಒಂದು ಷರತ್ತಿನ ಮೇಲೆ ಅವಕಾಶ ಕೊಟ್ಟಿತು: ಅಂತಿಮ ಉತ್ಪನ್ನದಲ್ಲಿ ಲ್ಯಾಕ್ಟೋಸ್ ಶೇ. 5ನ್ನು ದಾಟಬಾರದು. ಆದ್ದರಿಂದ ಪ್ರಯೋಗಾಲಯದ ಮುಂದಿರುವ ಪ್ರಶ್ನೆ ಸೇರಿಸಿದ್ದಾರೆಯೇ ಎಂಬುದಷ್ಟೇ ಅಲ್ಲ. ಏನನ್ನು, ಎಷ್ಟು ಸೇರಿಸಿದ್ದಾರೆ ಮತ್ತು ಪೊಟ್ಟಣದ ಮೇಲೆ ಅದನ್ನು ಹೇಳಿದ್ದಾರೆಯೇ ಎಂಬುದೂ ಆಗಿದೆ.

ಪತ್ತೆಯ ಮುಖ್ಯ ವಿಧಾನಗಳು ನಿಂತಿರುವುದು ಹಾಲು ಚೀಸಾಗುವಾಗ ನಡೆಯುವ ಒಂದು ರಾಸಾಯನಿಕ ಘಟನೆಯ ಮೇಲೆ. ಹಸುವಿನ ಹಾಲಿನಲ್ಲಿ ಶೇ. 3.3ರ ಆಸುಪಾಸಿನಲ್ಲಿರುವ ಪ್ರೋಟೀನಿನ ಐದರಲ್ಲಿ ನಾಲ್ಕು ಪಾಲು ಕೇಸೀನು, ಉಳಿದದ್ದು ವ್ಹೇ ಪ್ರೋಟೀನು. ಹಾಲು ಒಡೆದಾಗ ಮೇಲೆ ನಿಲ್ಲುವ ತಿಳಿನೀರಿಗೆ ವ್ಹೇ ಎಂದು ಹೆಸರು. ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್, ಆಲ್ಫಾ-ಲ್ಯಾಕ್ಟಾಲ್ಬುಮಿನ್ ಮುಂತಾದವು ಅದರಲ್ಲಿ ಕರಗಿರುತ್ತವೆ. ಕೇಸೀನಿನಲ್ಲಿ ಆಲ್ಫಾ-ಎಸ್1, ಆಲ್ಫಾ-ಎಸ್2, ಬೀಟಾ ಮತ್ತು ಕಪ್ಪಾ ಎಂಬ ನಾಲ್ಕು ಬಗೆಗಳಿದ್ದು, ಅವು ಒಟ್ಟಾಗಿ ಮೈಸೆಲ್ ಎಂಬ ಸೂಕ್ಷ್ಮ ಕಣಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತವೆ. 1956ರಲ್ಲಿ ವಾ ಮತ್ತು ಫಾನ್ ಹಿಪೆಲ್ ಎಂಬ ವಿಜ್ಞಾನಿಗಳು ಗುರುತಿಸಿದ ಕಪ್ಪಾ-ಕೇಸೀನು ಆ ಕಣಗಳ ಹೊರಮೈಯಲ್ಲಿದ್ದು ಅವು ಒಂದಕ್ಕೊಂದು ಅಂಟದಂತೆ ಕಾಯುತ್ತದೆ. ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಹಾಕಿದಾಗ ಅದರಲ್ಲಿರುವ ಕೈಮೋಸಿನ್ ಎಂಬ ಕಿಣ್ವವು 169 ಅಮೈನೋ ಆಮ್ಲಗಳ ಕಪ್ಪಾ-ಕೇಸೀನನ್ನು 105 ಮತ್ತು 106ನೆಯ ಸ್ಥಾನಗಳ ನಡುವೆ ಕತ್ತರಿಸುತ್ತದೆ. ಮೊದಲ 105ರ ತುಂಡಿಗೆ ಪ್ಯಾರಾ-ಕಪ್ಪಾ-ಕೇಸೀನು ಎಂದು ಹೆಸರು, ಅದು ಗರಣೆಯಲ್ಲಿ ಉಳಿಯುತ್ತದೆ. 64 ಅಮೈನೋ ಆಮ್ಲಗಳ ಇನ್ನೊಂದು ತುಂಡಾದ ಕೇಸಿನೋಮ್ಯಾಕ್ರೋಪೆಪ್ಟೈಡ್ ನೀರಿನಲ್ಲಿ ಕರಗಿ ವ್ಹೇಯೊಡನೆ ಹರಿದುಹೋಗುತ್ತದೆ. ಕಾವಲು ತಪ್ಪಿದ ಮೈಸೆಲ್‌ಗಳು ಒಂದನ್ನೊಂದು ಹಿಡಿದು ಹೆಪ್ಪುಗಟ್ಟುತ್ತವೆ.

ಹೀಗೆ ಕತ್ತರಿಸಿದ ಬಂಧ ಮತ್ತೆ ಕೂಡುವುದಿಲ್ಲ. ರೆನೆಟ್ ಚೀಸಿನಲ್ಲಿ ಇಡಿಯಾದ ಕಪ್ಪಾ-ಕೇಸೀನು ಇಲ್ಲವೆನ್ನುವಷ್ಟು ಕಡಿಮೆ. ಹಾಲಿನ ಪುಡಿ, ಆಮ್ಲದಿಂದ ಒಡೆಸಿ ತೆಗೆದ ಕೇಸಿನೇಟ್, ಸೂಕ್ಷ್ಮ ಪೊರೆಯ ಮೂಲಕ ಸೋಸುವ ಅತಿಶೋಧನೆಯಿಂದ ಪಡೆದ ಪ್ರೋಟೀನ್ ಸಾರ ಇವುಗಳಲ್ಲಿ ಅದು ಇಡಿಯಾಗಿಯೇ ಇರುತ್ತದೆ. ರೆನೆಟ್‌ನಿಂದ ಹೆಪ್ಪಿಟ್ಟಾಗ ಹರಿಯುವ ಸಿಹಿ ವ್ಹೇಯ ಪುಡಿಯಲ್ಲಿ ಕಡಿದುಹೋದ ಬಾಲದ ತುಂಡು ಮಾತ್ರ ಸಿಗುತ್ತದೆ. ಒಂದೇ ಬಂಧದ ಸ್ಥಿತಿಯನ್ನು ಓದಿ ಮೂರು ಬೇರೆ ಮೂಲಗಳನ್ನು ಬೇರ್ಪಡಿಸಬಹುದೆಂಬುದು ಈ ಕ್ಷೇತ್ರದ ಅತ್ಯಂತ ಸೊಗಸಾದ ತಿಳಿವು.

ಒಟ್ಟು ಪ್ರೋಟೀನನ್ನು ಅಳೆಯುವ ಹಳೆಯ ವಿಧಾನ ಇಲ್ಲಿ ನೆರವಾಗದು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ ಆ ವಿಧಾನವು ಸಾರಜನಕವನ್ನು ಅಳೆದು, ಹಾಲಿಗೆ ಸಂಬಂಧಿಸಿದಂತೆ 6.38ರಿಂದ ಗುಣಿಸಿ ಪ್ರೋಟೀನಿನ ಲೆಕ್ಕ ಕೊಡುತ್ತದೆ. ಸಾರಜನಕ ಎಲ್ಲಿಂದ ಬಂತೆಂಬುದು ಅದಕ್ಕೆ ತಿಳಿಯದು. 2008ರಲ್ಲಿ ಚೀನಾದ ಹಾಲಿನ ಪುಡಿಯಲ್ಲಿ ಸಾರಜನಕ ತುಂಬಿದ ಮೆಲಮೈನ್ ಎಂಬ ರಾಸಾಯನಿಕ ನುಸುಳಿದ್ದು ಇದೇ ಕುರುಡುತನದ ಮೂಲಕ, ಮತ್ತು ಅದರ ಬೆಲೆಯನ್ನು ತೆತ್ತವರು ಹಸುಗೂಸುಗಳು.

ಲ್ಯಾಕ್ಟೋಸ್ ಪರೀಕ್ಷೆ ಮೊದಲ ಜರಡಿಯಾಗಿ ಉಪಯುಕ್ತ. ಹಣ್ಣಾದ ಚೀಸಿನಲ್ಲಿ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸಿರುವುದರಿಂದ ಲ್ಯಾಕ್ಟೋಸ್ ಬಹುತೇಕ ಇರುವುದಿಲ್ಲ. ಸಂಸ್ಕರಿತ ಚೀಸಿನಲ್ಲಿ ಅದು ಎದ್ದು ಕಂಡರೆ ಹಾಲಿನ ಪುಡಿ ಅಥವಾ ವ್ಹೇ ಪುಡಿಯ ಕಡೆಗೆ ಬೆರಳು ತೋರುತ್ತದೆ. ಕೆನೆರಹಿತ ಹಾಲಿನ ಪುಡಿಯಲ್ಲಿ ಸುಮಾರು ಶೇ. 52 ಲ್ಯಾಕ್ಟೋಸ್, ಶೇ. 35 ಪ್ರೋಟೀನು ಇರುತ್ತದೆಂದು ಹಿಡಿದರೆ, ಚೀಸಿನಲ್ಲಿ ಶೇ. 2.6 ಲ್ಯಾಕ್ಟೋಸ್ ಸಿಕ್ಕಾಗ ಶೇ. 5ರಷ್ಟು ಪುಡಿಯನ್ನು ಸೇರಿಸಿರಬೇಕು, ಅದರಿಂದ ಶೇ. 1.75ರಷ್ಟು ಪ್ರೋಟೀನು ಬಂದಿರಬೇಕು ಎಂಬ ಲೆಕ್ಕ ಸಿಗುತ್ತದೆ. ಆದರೆ ಶೇ. 90ರ ಆಸುಪಾಸಿನಲ್ಲಿ ಪ್ರೋಟೀನು ಇರುವ ಕೇಸಿನೇಟಿನಲ್ಲಿ ಲ್ಯಾಕ್ಟೋಸ್ ಹೆಸರಿಗಷ್ಟೇ ಉಳಿದಿರುತ್ತದೆ. ಶೇ. 4ರಷ್ಟು ಕೇಸಿನೇಟ್ ಹಾಕಿದರೆ ಹಿಂದಿನ ಉದಾಹರಣೆಯ ಎರಡರಷ್ಟು ಪ್ರೋಟೀನು ಬಂದರೂ ಸಕ್ಕರೆಯ ಪರೀಕ್ಷೆ ಸುಮ್ಮನಿರುತ್ತದೆ. ಲ್ಯಾಕ್ಟೋಸಿನ ಮಿತಿಯೊಂದನ್ನೇ ಕಾವಲಿಗಿಟ್ಟ ಯಾವ ನಿಯಮವೂ ಈ ಬಾಗಿಲನ್ನು ತೆರೆದೇ ಇಟ್ಟಿರುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ವ್ಹೇ ಪ್ರೋಟೀನುಗಳನ್ನು ಅಳೆಯುವುದು ಎರಡನೆಯ ದಾರಿ. ಸಹಜ ಚೀಸಿನ ಗರಣೆಯಲ್ಲಿ ಸಿಕ್ಕಿಕೊಂಡ ಅಲ್ಪ ತೇವದೊಡನೆ ಸ್ವಲ್ಪವೇ ವ್ಹೇ ಪ್ರೋಟೀನು ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಸಿಕ್ಕರೆ ಹೊರಗಿನಿಂದ ಬಂದದ್ದೆಂದು ಊಹಿಸಬಹುದು. ಇಲ್ಲಿನ ತೊಡಕು ಶಾಖದ್ದು. ಸಂಸ್ಕರಿತ ಚೀಸನ್ನು ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಕಾಯಿಸುತ್ತಾರೆ, ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ 70 ಡಿಗ್ರಿ ದಾಟಿದಾಗಲೇ ಸುರುಳಿ ಬಿಚ್ಚಿಕೊಂಡು, ಒಳಗೆ ಅಡಗಿದ್ದ ಗಂಧಕದ ತುದಿಯನ್ನು ಹೊರಚಾಚಿ, ಕಪ್ಪಾ-ಕೇಸೀನಿನೊಡನೆ ಡೈಸಲ್ಫೈಡ್ ಬಂಧದಿಂದ ಬೆಸೆದುಕೊಳ್ಳುತ್ತದೆ. ಆಮೇಲೆ ಆಮ್ಲತೆಯ ಸೂಚಕವಾದ ಪಿಎಚ್ 4.6ಕ್ಕೆ ಇಳಿಸಿದರೆ ಅದು ವ್ಹೇ ಪ್ರೋಟೀನಿನಂತೆ ದ್ರವದಲ್ಲಿ ಉಳಿಯದೆ ಕೇಸೀನಿನ ಜೊತೆ ತಳಕ್ಕೆ ಕೂರುತ್ತದೆ, ಹಳೆಯ ವಿಧಾನ ಅದನ್ನು ಕೇಸೀನೆಂದೇ ಎಣಿಸುತ್ತದೆ. ಆದಕಾರಣ ಮಾದರಿಯ ತಯಾರಿಯೇ ಅರ್ಧ ಕೆಲಸ. ಚೀಸಿನ ಹಾಳೆಯನ್ನು ತಣ್ಣಗಿಟ್ಟು ಸಣ್ಣಗೆ ತುರಿದು, ಗಾಢವಾದ ಯೂರಿಯಾ ದ್ರಾವಣದಲ್ಲಿ ಡೈಥಯೋಥ್ರೈಟಾಲ್‌ನಂಥ ಅಪಕರ್ಷಕದೊಡನೆ ನೆನೆಸಿಡುತ್ತಾರೆ. ಯೂರಿಯಾ ಪ್ರೋಟೀನಿನ ಮಡಿಕೆಗಳನ್ನು ಬಿಚ್ಚುತ್ತದೆ, ಅಪಕರ್ಷಕವು ಗಂಧಕದ ಕೊಂಡಿಗಳನ್ನು ಕಳಚುತ್ತದೆ. ನಂತರ ತಂಪಿನಲ್ಲಿ ಗಿರಕಿಯಂತ್ರಕ್ಕೆ ಹಾಕಿದಾಗ ಕೊಬ್ಬು ಮೇಲೆ ಬಿಳಿಯ ಬಿಲ್ಲೆಯಾಗಿ ಗಟ್ಟಿಗೊಳ್ಳುತ್ತದೆ, ಅದರ ಅಡಿಯ ತಿಳಿಯನ್ನು ಸೂಜಿಯಿಂದ ಎಳೆದು ಸೋಸಿ ಯಂತ್ರಕ್ಕೆ ಕೊಡುತ್ತಾರೆ. ಈ ಹಂತದಲ್ಲಿ ಅವಸರ ಮಾಡಿದರೆ ಮುಂದಿನ ಎಷ್ಟು ದುಬಾರಿ ಯಂತ್ರವೂ ಸರಿಯಾದ ಅಂಕಿ ಕೊಡಲಾರದು.

ಪ್ರೋಟೀನುಗಳನ್ನು ಬೇರ್ಪಡಿಸುವ ಸಾಧನಗಳಲ್ಲಿ ಎಲೆಕ್ಟ್ರೊಫೊರೆಸಿಸ್ ಹಿರಿಯದು. ಜೆಲ್ ಹಲಗೆಯ ಒಂದು ಅಂಚಿನಲ್ಲಿ ಮಾದರಿಯನ್ನಿಟ್ಟು ವಿದ್ಯುತ್ ಹಾಯಿಸಿದರೆ ಪ್ರೋಟೀನುಗಳು ತಮ್ಮ ಗಾತ್ರಕ್ಕೂ ವಿದ್ಯುದಂಶಕ್ಕೂ ತಕ್ಕಂತೆ ಸರಿಯುತ್ತವೆ, ಬಣ್ಣ ಹಾಕಿದಾಗ ನೀಲಿ ಪಟ್ಟಿಗಳಾಗಿ ಕಾಣುತ್ತವೆ. ಇದರ ಒಂದು ರೂಪವಾದ ಐಸೋಎಲೆಕ್ಟ್ರಿಕ್ ಫೋಕಸಿಂಗ್‌ನಲ್ಲಿ ಪ್ರತಿಯೊಂದು ಪ್ರೋಟೀನೂ ತನ್ನ ವಿದ್ಯುದಂಶ ಶೂನ್ಯವಾಗುವ ಪಿಎಚ್ ತಾಣದಲ್ಲಿ ನಿಲ್ಲುತ್ತದೆ. ಕುರಿ, ಮೇಕೆ, ಎಮ್ಮೆಗಳ ಹಾಲಿನ ಚೀಸಿನಲ್ಲಿ ಹಸುವಿನ ಹಾಲನ್ನೂ ಕೇಸಿನೇಟನ್ನೂ ಪತ್ತೆಹಚ್ಚಲು ಯುರೋಪಿಯನ್ ಒಕ್ಕೂಟದ 2008ರ ನಿಯಮ ಗೊತ್ತುಪಡಿಸಿದ ವಿಧಾನ ಇದೇ. ಪ್ಲಾಸ್ಮಿನ್ ಕಿಣ್ವದಿಂದ ಬೀಟಾ-ಕೇಸೀನನ್ನು ತುಂಡರಿಸಿ, ಹುಟ್ಟುವ ಗಾಮಾ-ಕೇಸೀನುಗಳ ಪಟ್ಟಿಗಳನ್ನು ಅದರಲ್ಲಿ ಹೋಲಿಸುತ್ತಾರೆ. ಕೂದಲಿನಷ್ಟು ತೆಳುವಾದ ಗಾಜಿನ ನಳಿಕೆಯೊಳಗೆ ಇದೇ ಕೆಲಸ ಮಾಡುವ ಕ್ಯಾಪಿಲರಿ ಎಲೆಕ್ಟ್ರೊಫೊರೆಸಿಸ್ ಸಂಸ್ಕರಿತ ಚೀಸಿನ ಅಧ್ಯಯನಗಳಲ್ಲಿ ಹೆಚ್ಚು ಬಳಕೆಗೆ ಬಂದಿದೆ, ಏಕೆಂದರೆ ಅದು ಪಟ್ಟಿಯ ಬದಲು ಅಳೆಯಬಹುದಾದ ಶಿಖರಗಳನ್ನು ಕೊಡುತ್ತದೆ.

ಇಲ್ಲಿ ವಿಶ್ಲೇಷಕರು ಅಳೆಗೋಲಾಗಿ ಆರಿಸಿಕೊಂಡಿರುವುದು ಪ್ಯಾರಾ-ಕಪ್ಪಾ-ಕೇಸೀನನ್ನು. ಚೀಸು ಹಣ್ಣಾಗುವಾಗ ಆಲ್ಫಾ-ಎಸ್1 ಮತ್ತು ಬೀಟಾ ಕೇಸೀನುಗಳು ಕಿಣ್ವಗಳ ಹೊಡೆತಕ್ಕೆ ತುಂಡುತುಂಡಾಗುತ್ತವೆ, ಇದಾದರೋ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಸಕ್ಕರೆಯ ಅಣುಗಳು ಅಂಟಿಕೊಳ್ಳುವ ತಾಣಗಳೆಲ್ಲ ಕಡಿದುಹೋದ ಬಾಲದಲ್ಲಿರುವುದರಿಂದ ಇದು ಹಲವು ರೂಪಗಳಲ್ಲಿ ಚದುರದೆ ಒಂದೇ ಶಿಖರವಾಗಿ ಬರುತ್ತದೆ. ಸಾಮಾನ್ಯ ಚೀಸಿನಲ್ಲಿ ಒಟ್ಟು ಕೇಸೀನಿಗೆ ಇದರ ಪ್ರಮಾಣ ಬಹುತೇಕ ಸ್ಥಿರ. ಕೇಸಿನೇಟ್ ಬೆರೆತಾಗ ಒಟ್ಟು ಕೇಸೀನು ಏರುತ್ತದೆ, ಇದು ಏರುವುದಿಲ್ಲ, ಹೀಗಾಗಿ ಅನುಪಾತ ಇಳಿಯುತ್ತದೆ. ಕೇಸೀನಿನ ಕಾಲುಭಾಗ ಹೊರಗಿನದಾಗಿದ್ದರೆ ಅನುಪಾತವೂ ಕಾಲುಭಾಗ ತಗ್ಗಬೇಕು. ಆದರೆ ಹಾಲಿನಿಂದ ಹಾಲಿಗೆ, ಹಸುವಿನಿಂದ ಹಸುವಿಗೆ ಸಹಜವಾಗಿಯೇ ಇರುವ ಏರಿಳಿತವು ಸಣ್ಣ ಪ್ರಮಾಣದ ಸೇರ್ಪಡೆಯನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಅನುಪಾತವು ದೊಡ್ಡ ಸೇರ್ಪಡೆಯನ್ನು ಅಂದಾಜಿಸಲು ಒಳ್ಳೆಯದು; ಸಣ್ಣದನ್ನು ಹಿಡಿಯಲು ಇಡಿಯಾದ ಕಪ್ಪಾ-ಕೇಸೀನನ್ನೇ ಹುಡುಕಬೇಕು.

ಅದನ್ನು ನೇರವಾಗಿ ಹುಡುಕುವ ಶಕ್ತಿ ಬಂದದ್ದು ದ್ರವ ಕ್ರೊಮ್ಯಾಟೊಗ್ರಫಿಗೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರಿನಿಂದ. ಟ್ರಿಪ್ಸಿನ್ ಎಂಬ ಕಿಣ್ವವು ಪ್ರೋಟೀನುಗಳನ್ನು ಲೈಸೀನ್ ಮತ್ತು ಆರ್ಜಿನೀನ್‌ಗಳ ನಂತರ ಕತ್ತರಿಸುತ್ತದೆ. ಹಸುವಿನ ಇಡಿಯಾದ ಕಪ್ಪಾ-ಕೇಸೀನನ್ನು ಅದಕ್ಕೆ ಒಡ್ಡಿದರೆ 98ರಿಂದ 111ರವರೆಗಿನ 14 ಅಮೈನೋ ಆಮ್ಲಗಳ ಒಂದು ಪೆಪ್ಟೈಡ್ ದೊರೆಯುತ್ತದೆ, ಮತ್ತು ಕೈಮೋಸಿನ್ ಕತ್ತರಿಸುವ ಬಂಧ ಸರಿಯಾಗಿ ಅದರ ಒಳಗಿದೆ. ರೆನೆಟ್ ಮುಟ್ಟಿದ ಪ್ರೋಟೀನಾದರೆ ಈ ಪೆಪ್ಟೈಡ್ ಬರಲಾರದು. ಅದರ ಬದಲು ಚೀಸಿನಿಂದ 98ರಿಂದ 105ರವರೆಗಿನ ಎಂಟರ ತುಂಡು, ಸಿಹಿ ವ್ಹೇಯಿಂದ 106ರಿಂದ 111ರವರೆಗಿನ ಆರರ ತುಂಡು ಬರುತ್ತವೆ. ಯಂತ್ರವು ಇವನ್ನು ತೂಕದಿಂದಲೇ ಬೇರ್ಪಡಿಸಿ ಗುರುತಿಸುತ್ತದೆ, ಕಾಯಿಸಿದ್ದರಿಂದ ಪ್ರೋಟೀನು ಸುರುಳಿ ಬಿಚ್ಚಿದ್ದರೂ ಅದಕ್ಕೆ ಅಡ್ಡಿಯಿಲ್ಲ.

ಪ್ರೋಟೀನಿನ ಮೇಲೆ ಶಾಖ ಮತ್ತು ಕ್ಷಾರ ಬಿಟ್ಟುಹೋದ ಗಾಯಗಳೂ ಸಾಕ್ಷಿಯಾಗುತ್ತವೆ. ಹಾಲನ್ನು ಒಣಗಿಸಿ ಪುಡಿಮಾಡುವಾಗ ಲ್ಯಾಕ್ಟೋಸ್ ಲೈಸೀನಿಗೆ ಅಂಟಿಕೊಳ್ಳುತ್ತದೆ. ಅಂಥ ಪ್ರೋಟೀನನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿಯಲ್ಲಿ ಸುಮಾರು ಒಂದು ದಿನ ಕುದಿಸಿದರೆ ಫ್ಯೂರೋಸೀನ್ ಎಂಬ ಸಂಯುಕ್ತ ಹೊರಬರುತ್ತದೆ, ಅದು ಹಾಲಿನ ಪುಡಿಯ ಕುರುಹು. ಆಮ್ಲದಿಂದ ಒಡೆಸಿದ ಕೇಸೀನನ್ನು ಕ್ಷಾರದಲ್ಲಿ ಕರಗಿಸಿ ಕೇಸಿನೇಟ್ ಮಾಡುವಾಗ ಲೈಸಿನೋಅಲನೀನ್ ಎಂಬ ಅಸಹಜ ಅಮೈನೋ ಆಮ್ಲ ಹುಟ್ಟುತ್ತದೆ. ಮೊಝರೆಲ್ಲಾದಂಥ ಸಹಜ ಚೀಸಿನಲ್ಲಿ ಇದು ಕಂಡರೆ ಸಂದೇಹ ಬಲವಾಗುತ್ತದೆ. ಸಂಸ್ಕರಿತ ಚೀಸಿನಲ್ಲಿ ಎರಡೂ ಕುರುಹುಗಳ ಧ್ವನಿ ಕ್ಷೀಣ, ಏಕೆಂದರೆ ಅದರ ಸ್ವಂತ ತಯಾರಿಯಲ್ಲಿಯೇ ಬಿಸಿಯಿದೆ, ಉಳಿದ ಸಕ್ಕರೆಯೂ ಇರಬಹುದು.

ಎಲ್ಲ ಕುರುಹುಗಳಿಗೂ ಸವಾಲೊಡ್ಡುವುದು ರೆನೆಟ್ ಕೇಸೀನು. ಕೆನೆ ತೆಗೆದ ಹಾಲನ್ನು ರೆನೆಟ್‌ನಿಂದಲೇ ಹೆಪ್ಪಿಟ್ಟು, ತೊಳೆದು, ಒಣಗಿಸಿ ಮಾಡುವ ಈ ಪುಡಿಯಲ್ಲಿ ಕಪ್ಪಾ-ಕೇಸೀನು ಚೀಸಿನಲ್ಲಿರುವಂತೆಯೇ ಕಡಿದಿರುತ್ತದೆ, ಲ್ಯಾಕ್ಟೋಸ್ ತೊಳೆದುಹೋಗಿರುತ್ತದೆ, ವ್ಹೇ ಪ್ರೋಟೀನೂ ಇರುವುದಿಲ್ಲ. ಇದನ್ನು ಹಿಡಿಯಲು ಇರುವುದೆಲ್ಲ ಪರೋಕ್ಷ ದಾರಿಗಳು: ಹಣ್ಣಾದ ಚೀಸಿನಲ್ಲಿ ಕಾಣಬೇಕಾದ, ಆಲ್ಫಾ-ಎಸ್1 ಕೇಸೀನು 23 ಮತ್ತು 24ನೆಯ ಸ್ಥಾನಗಳ ನಡುವೆ ಮುರಿದು ಹುಟ್ಟುವ ತುಂಡು ನಿರೀಕ್ಷೆಗಿಂತ ಕಡಿಮೆ ಇದೆಯೇ, ಹುದುಗುವಿಕೆಯಿಂದ ಬರಬೇಕಾದ ಲ್ಯಾಕ್ಟಿಕ್ ಆಮ್ಲ ಪ್ರೋಟೀನಿಗೆ ತಕ್ಕಷ್ಟಿದೆಯೇ ಎಂದು ನೋಡುವುದು. ಎಳೆಯ ಚೀಸಿನಿಂದ ಮಾಡಿದ ಪ್ರಾಮಾಣಿಕ ಉತ್ಪನ್ನವೂ ಮೊದಲ ಪರೀಕ್ಷೆಯಲ್ಲಿ ಹೀಗೆಯೇ ಕಾಣಬಹುದಾದ್ದರಿಂದ ಆ ಒಂದೇ ಆಧಾರದ ಮೇಲೆ ತಯಾರಕರನ್ನು ದೂಷಿಸುವುದು ನ್ಯಾಯವಲ್ಲ.

ತಪ್ಪು ತೀರ್ಮಾನಕ್ಕೆ ಎಡೆಮಾಡುವ ಸಂಗತಿಗಳು ಇನ್ನೂ ಇವೆ. ಅತಿಶೋಧನೆಯಿಂದ ಸಾಂದ್ರಗೊಳಿಸಿದ ಹಾಲಿನ ಚೀಸಿನಲ್ಲಿ ವ್ಹೇ ಪ್ರೋಟೀನು ನ್ಯಾಯವಾಗಿಯೇ ಹೆಚ್ಚು. ಶೀತದಲ್ಲಿ ಬೆಳೆಯುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಗಳ ಕಿಣ್ವಗಳು ಹಾಲಿನಲ್ಲಿಯೇ ಕಪ್ಪಾ-ಕೇಸೀನನ್ನು ಪಕ್ಕದ ಬಂಧದಲ್ಲಿ ಕಡಿದು, ವ್ಹೇ ಬೆರೆತಂತೆ ತೋರಿಸುವ ತುಂಡನ್ನು ಹುಟ್ಟಿಸುತ್ತವೆ. ಶಿಲೀಂಧ್ರಗಳಿಂದ ಪಡೆದ ರೆನೆಟ್‌ಗಳಲ್ಲಿ ಕ್ರಿಫೋನೆಕ್ಟ್ರಿಯಾದ ಕಿಣ್ವವು 104 ಮತ್ತು 105ರ ನಡುವೆ ಕತ್ತರಿಸುತ್ತದೆ. ಪ್ರಾಣಿಮೂಲವಲ್ಲದ ರೆನೆಟ್ ಬಳಕೆ ವ್ಯಾಪಕವಾಗಿರುವ ಭಾರತದಲ್ಲಿ ಯಾವ ರೆನೆಟ್ ಎಂಬುದನ್ನು ವಿಶ್ಲೇಷಕರು ಮೊದಲು ಕೇಳಿ ತಿಳಿಯಬೇಕು. ಪನೀರ್ ಬೆರೆಸಿದ ಉತ್ಪನ್ನಕ್ಕಂತೂ ಈ ತರ್ಕವೇ ಹೊಂದದು: ಕಾದ ಹಾಲಿಗೆ ನಿಂಬೆರಸ ಅಥವಾ ಸಿಟ್ರಿಕ್ ಆಮ್ಲ ಹಾಕಿ ಒಡೆಸುವುದರಿಂದ ಪನೀರಿನಲ್ಲಿ ಕಪ್ಪಾ-ಕೇಸೀನು ಕಡಿಯದೆ ಉಳಿಯುತ್ತದೆ, ವ್ಹೇ ಪ್ರೋಟೀನಿನ ಬಹುಪಾಲೂ ಗರಣೆಯಲ್ಲೇ ಇರುತ್ತದೆ. ಅವಕೆಂಪು ಕಿರಣಗಳ ಸ್ಪೆಕ್ಟ್ರಮ್ಮಿಗೆ ಸಂಖ್ಯಾಶಾಸ್ತ್ರವನ್ನು ಜೋಡಿಸಿದ ಶೀಘ್ರ ವಿಧಾನಗಳು ಅನೇಕ ಮಾದರಿಗಳನ್ನು ಜರಡಿ ಹಿಡಿಯಲು ಅನುಕೂಲ; ಅಂತಿಮ ಸಾಕ್ಷ್ಯವಾಗಿ ಅವು ಸಾಲವು.

ಭಾರತದ ಚೀಸಿಗೆ ಪಾಶ್ಚಾತ್ಯ ಅಂಕಿಗಳನ್ನು ನೇರವಾಗಿ ಅನ್ವಯಿಸಲಾಗದೆಂಬುದು ಮುಖ್ಯವಾದ ಮಾತು. ಇಲ್ಲಿನ ಚೀಸಿಗೆ ಎಮ್ಮೆ ಹಾಲು, ಹಸು-ಎಮ್ಮೆಗಳ ಮಿಶ್ರ ಹಾಲು ಬಳಕೆಯಾಗುತ್ತವೆ. ಎಮ್ಮೆಯ ಕೇಸೀನುಗಳ ಅಮೈನೋ ಆಮ್ಲ ಸರಣಿ ಅಲ್ಲಲ್ಲಿ ಬೇರೆಯಾದುದರಿಂದ ಪಟ್ಟಿಗಳು, ಶಿಖರಗಳು ಬೀಳುವ ತಾಣವೂ ಬೇರೆ. ಈ ನೆಲದ ಹಾಲಿನಿಂದ, ಈ ನೆಲದ ರೆನೆಟ್ಟಿನಿಂದ ಮಾಡಿದ, ಏನೂ ಬೆರೆಸದ ಚೀಸುಗಳ ಆಧಾರ ಅಂಕಿಗಳನ್ನು ಕಲೆಹಾಕಿ ಪ್ರಕಟಿಸಬೇಕಾದದ್ದು ದೇಶದ ಹೈನು ಸಂಶೋಧನಾ ಸಂಸ್ಥೆಗಳ ಹೊಣೆ. ಅದಕ್ಕೆ ಬೇಕಾದ ನೆಲೆ ಕರ್ನಾಟಕದಲ್ಲಿಯೇ ಇದೆ. ಕರ್ನಾಲದ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ 1923ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. 1955ರಲ್ಲಿ ಕೇಂದ್ರ ಕಚೇರಿ ಕರ್ನಾಲಕ್ಕೆ ಹೋದ ಮೇಲೂ ಆಡುಗೋಡಿಯಲ್ಲಿ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಉಳಿಯಿತು.

ವಿಶ್ಲೇಷಣೆಯ ಫಲಿತಾಂಶ ಕೊನೆಗೆ ಕಾನೂನಿನ ಎದುರು ನಿಲ್ಲಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಅಧಿಕಾರಿಯು ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ, ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ, ಅವರು 14 ದಿನಗಳೊಳಗೆ ವರದಿ ಕೊಡಬೇಕು. ತಯಾರಕರ ಕೋರಿಕೆಯ ಮೇರೆಗೆ ಇನ್ನೊಂದು ಭಾಗವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಎರಡು ವರದಿಗಳು ಹೊಂದದಿದ್ದರೆ ಮಾದರಿಯು ಉಲ್ಲೇಖಿತ ಪ್ರಯೋಗಾಲಯಕ್ಕೆ ಹೋಗುತ್ತದೆ, ಅದರ ನಿರ್ಣಯವೇ ಅಂತಿಮ. ಅಂಥ ಉಲ್ಲೇಖಿತ ಪ್ರಯೋಗಾಲಯಗಳಲ್ಲೊಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿದೆ.